ಮಧ್ಯಮ ದೂರದ ಟ್ರಯಥ್ಲಾನ್

ಮಧ್ಯಮ ದೂರದ ಟ್ರಯಥ್ಲಾನ್ ಎಂಬುದು ಈಜು, ಸೈಕಲ್ ಸವಾರಿ ಮತ್ತು ಓಟ ಎಂಬ ಮೂರು ಅಂಗಗಳನ್ನು ನಡುವೆ ಬಿಡುವಿಲ್ಲದೆ ಒಂದಾದ ಮೇಲೊಂದರಂತೆ ಪೂರೈಸಬೇಕಾದ ಕ್ರೀಡಾಸ್ಪರ್ಧೆ. ಸಾಮಾನ್ಯವಾಗಿ ಇದರಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ ಸವಾರಿ ಮತ್ತು 21.1 ಕಿ.ಮೀ. ಓಟ ಇರುತ್ತವೆ. ಭಾರತದ ಹವ್ಯಾಸಿ ಸ್ಪರ್ಧಿಗಳು ಬಹುಕಾಲ ಈ ಸ್ಪರ್ಧೆಗಾಗಿ ವಿದೇಶಗಳಿಗೆ ಹೋಗಬೇಕಾಗಿತ್ತು. ಇಂದಿಗೂ ಅನೇಕರು ಹೋಗುತ್ತಾರೆ. ಓಟಕ್ಕೂ ಸೈಕಲ್ಲಿಗೂ ಬೇಕಾದ ರಸ್ತೆಗಳು ಕರ್ನಾಟಕದ ಒಳನಾಡಿನಲ್ಲಿ ದೊರೆಯುತ್ತವೆಯಾದರೂ, ಈಜಿಗೆ ಬೇಕಾದ ಶುದ್ಧವಾದ ತೆರೆದ ನೀರು ಸುಲಭವಾಗಿ ದೊರೆಯುವುದಿಲ್ಲ. ಬಿಡದಿ ಸಮೀಪದ ಬೈರಮಂಗಲದ ಕೆರೆ ಇದಕ್ಕೆ ಒಂದು ನಿದರ್ಶನ.

ದೂರ ಮತ್ತು ಹೆಸರು

ಮೂರೂ ಅಂಗಗಳ ಒಟ್ಟು ದೂರ 113 ಕಿ.ಮೀ. ಇದನ್ನು ಮೈಲಿಗಳಲ್ಲಿ ಹೇಳಿದರೆ 70.3 ಆಗುತ್ತದೆ. ‘ಐರನ್‌ಮ್ಯಾನ್ 70.3’ ಎಂಬ ವಾಣಿಜ್ಯ ಹೆಸರು ಬಂದದ್ದು ಹೀಗೆ. ಪೂರ್ಣ ಐರನ್‌ಮ್ಯಾನ್ ಸ್ಪರ್ಧೆಯ (3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ) ಅರ್ಧದಷ್ಟಿರುವುದರಿಂದ ‘ಹಾಫ್ ಐರನ್‌ಮ್ಯಾನ್’ ಎಂದು ಕರೆಯುವುದೂ ಉಂಟು. ಒಲಿಂಪಿಕ್ ಕ್ರೀಡಾಕೂಟದ ಟ್ರಯಥ್ಲಾನ್ ಇದಕ್ಕಿಂತ ಚಿಕ್ಕದು. ಅದರ ದೂರಗಳು ಕ್ರಮವಾಗಿ 1.5, 40 ಮತ್ತು 10 ಕಿ.ಮೀ.

ಇತಿಹಾಸ

ಆಧುನಿಕ ಟ್ರಯಥ್ಲಾನ್ 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯೆಗೊ ನಗರದ ಮಿಷನ್ ಬೇ ಎಂಬಲ್ಲಿ ನಡೆಯಿತು. ಅಲ್ಲಿ ಮೊದಲು ಓಟ, ಅನಂತರ ಸೈಕಲ್, ಕೊನೆಗೆ ಈಜು ಇದ್ದವು. ದಣಿದ ದೇಹದಿಂದ ನೀರಿಗಿಳಿಯುವುದು ಅಪಾಯಕರವಾದುದರಿಂದ ಈಗ ಈಜೇ ಮೊದಲು ಬರುತ್ತದೆ. 1978ರ ಫೆಬ್ರವರಿ 18ರಂದು ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ಸ್ಪರ್ಧೆ ಜರುಗಿತು. ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮೊದಲ ಬಾರಿಗೆ ಪದಕದ ಕ್ರೀಡೆಯಾಯಿತು. ಮಧ್ಯಮ ದೂರದ ಐರನ್‌ಮ್ಯಾನ್ 70.3 ವಿಶ್ವ ಚಾಂಪಿಯನ್‌ಷಿಪ್ 2006ರಲ್ಲಿ ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ ಆರಂಭಗೊಂಡಿತು. ಇದು ನಂತರದ ವರ್ಷಗಳಲ್ಲಿ ದೇಶದಿಂದ ದೇಶಕ್ಕೆ ಸಂಚರಿಸುತ್ತ ಬಂದಿದೆ; 2019ರಲ್ಲಿ ಫ್ರಾನ್ಸಿನ ನೀಸ್, 2023ರಲ್ಲಿ ಫಿನ್ಲೆಂಡಿನ ಲಾಹ್ಟಿ, 2024ರಲ್ಲಿ ನ್ಯೂಜಿಲೆಂಡಿನ ಟೌಪೊ ಇದರ ಸ್ಥಳಗಳಾಗಿದ್ದವು.

ಸ್ಪರ್ಧೆಯ ಕ್ರಮ ಮತ್ತು ನಿಯಮಗಳು

ಹವ್ಯಾಸಿಗಳನ್ನು 18ರಿಂದ 24 ವರ್ಷ, ಅನಂತರ ಐದೈದು ವರ್ಷಗಳ ವಯೋವರ್ಗಗಳಾಗಿ ವಿಂಗಡಿಸಲಾಗುತ್ತದೆ. ಈಜು ಸಮುದ್ರ, ಸರೋವರ ಅಥವಾ ನದಿಯಲ್ಲಿ ನಡೆಯುತ್ತದೆ. ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಹೊರಳುವ ಸ್ಥಳಕ್ಕೆ ‘ಟ್ರಾನ್ಸಿಷನ್’ ಎಂದು ಹೆಸರು. ಅಲ್ಲಿ ಬಟ್ಟೆ, ಬೂಟು ಬದಲಿಸುವ ಸಮಯವೂ ಒಟ್ಟು ಸಮಯದಲ್ಲಿ ಸೇರುತ್ತದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೆಯೇ ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆಯಬೇಕು.

ಹವ್ಯಾಸಿಗಳಿಗೆ ಸೈಕಲ್ ಹಂತದಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಸವಾರಿ ಮಾಡುವುದು ನಿಷಿದ್ಧ. ಮುಂದಿನವರು ಗಾಳಿಯನ್ನು ಸೀಳುವುದರಿಂದ ಹಿಂದಿನವರ ಶ್ರಮ ಗಣನೀಯವಾಗಿ ಕಡಿಮೆಯಾಗುತ್ತದೆ ಎಂಬುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ 12 ಮೀಟರ್ ಅಂತರ ಕಾಯ್ದುಕೊಳ್ಳಬೇಕು. ತಪ್ಪಿದವರನ್ನು ದಂಡದ ಡೇರೆಯಲ್ಲಿ ಕೆಲವು ನಿಮಿಷ ನಿಲ್ಲಿಸಲಾಗುತ್ತದೆ. ಹೊರಗಿನವರ ನೆರವು ಪಡೆಯುವುದೂ, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದೂ ನಿಯಮಕ್ಕೆ ವಿರುದ್ಧ.

ಪ್ರತಿ ಹಂತಕ್ಕೂ ಕಾಲಮಿತಿಯಿದೆ. ಬಹಳಷ್ಟು ಐರನ್‌ಮ್ಯಾನ್ 70.3 ಸ್ಪರ್ಧೆಗಳಲ್ಲಿ ಈಜು 1 ಗಂಟೆ 10 ನಿಮಿಷದೊಳಗೆ, ಈಜು ಮತ್ತು ಸೈಕಲ್ ಸೇರಿ 5 ಗಂಟೆ 30 ನಿಮಿಷದೊಳಗೆ, ಇಡೀ ಸ್ಪರ್ಧೆ 8 ಗಂಟೆ 30 ನಿಮಿಷದೊಳಗೆ ಮುಗಿಯಬೇಕು. ಈಜಿನ ಮಿತಿ ಮೀರಿದವರಿಗೆ ಮುಂದಿನ ಹಂತಗಳಿಗೆ ಅವಕಾಶವಿಲ್ಲ. ಎಂತಹ ಉತ್ತಮ ಓಟಗಾರನಾದರೂ ನೀರಿನಲ್ಲಿ ಸೋತರೆ ಓಡುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ.

ವಿದೇಶದಲ್ಲಿ ಸ್ಪರ್ಧೆ

ಈ ಸ್ಪರ್ಧೆ ನಡೆದಿರುವ, ಭಾರತೀಯರಿಗೆ ಸಮೀಪವಾದ ಸ್ಥಳಗಳಲ್ಲಿ ಕೊಲಂಬೊ, ದುಬೈ, ಬಹರೇನ್ ಮತ್ತು ಮಲೇಷ್ಯಾದ ಲಂಕಾವಿ ಸೇರಿವೆ. ಸೈಕಲ್ಲಿನ ಚಕ್ರ, ಪೆಡಲ್, ಹ್ಯಾಂಡಲ್ಲುಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿರಿಸಿ ವಿಮಾನದಲ್ಲಿ ಒಯ್ಯಬೇಕಾಗುತ್ತದೆ. ಅಲ್ಲಿ ಸೇರಿದ ಮೇಲೆ ಮತ್ತೆ ಜೋಡಿಸಿ, ಬ್ರೇಕು, ಗೇರುಗಳನ್ನು ಪರೀಕ್ಷಿಸಿ, ಸಾಮಾನ್ಯವಾಗಿ ಸ್ಪರ್ಧೆಯ ಹಿಂದಿನ ದಿನವೇ ಟ್ರಾನ್ಸಿಷನ್ನಿನಲ್ಲಿ ಒಪ್ಪಿಸಬೇಕು. ಆದುದರಿಂದ ಸ್ಪರ್ಧಿಯು ತನ್ನ ಸೈಕಲ್ಲನ್ನು ತಾನೇ ಬಿಚ್ಚಿ ಜೋಡಿಸಲು ಕಲಿತಿರುವುದು ಅಗತ್ಯ. ಯೂರೋಪು ಮತ್ತು ಕೊಲ್ಲಿ ರಾಷ್ಟ್ರಗಳ ಹೆಚ್ಚಿನ ಕಡೆ ವಾಹನಗಳು ರಸ್ತೆಯ ಬಲಭಾಗದಲ್ಲಿ ಚಲಿಸುತ್ತವೆ. ಅಲ್ಲಿ ಬಲಕ್ಕೆ ಸವಾರಿ ಮಾಡಿ ಎಡದಿಂದ ಮುಂದೆ ಹೋಗಬೇಕು. ಎಡಬದಿಯ ಸಂಚಾರಕ್ಕೆ ಒಗ್ಗಿದವರು ಇದನ್ನು ಮರೆತರೆ ಅಪಘಾತ ಸಂಭವಿಸಬಹುದು.

ತಣ್ಣೀರು ಇನ್ನೊಂದು ಪರೀಕ್ಷೆ. ಶೀತಪ್ರದೇಶಗಳಲ್ಲಿ ಮೈಗೆ ಬಿಗಿಯಾಗಿ ಅಂಟುವ ರಬ್ಬರಿನ ‘ವೆಟ್‌ಸೂಟ್’ ಧರಿಸಿ ಈಜುತ್ತಾರೆ. ಅದು ಮೈಯ ಶಾಖವನ್ನು ಕಾಪಾಡುತ್ತದೆ, ದೇಹವನ್ನು ತೇಲಿಸಲು ನೆರವಾಗುತ್ತದೆ. ಐರನ್‌ಮ್ಯಾನ್ ನಿಯಮದಂತೆ ನೀರಿನ ಉಷ್ಣತೆ 24.5 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ ಹವ್ಯಾಸಿಗಳು ಇದನ್ನು ಧರಿಸಬಹುದು. ಬೆಚ್ಚನೆಯ ಈಜುಕೊಳದಲ್ಲಿ ಕಲಿತವರಿಗೆ ವೆಟ್‌ಸೂಟ್ ಎದೆ ಬಿಗಿದಂತೆ ಅನಿಸುವುದುಂಟು. ಆದ್ದರಿಂದ ಸ್ಪರ್ಧೆಗೆ ಮುನ್ನವೇ ಅದನ್ನು ತೊಟ್ಟು ಅಭ್ಯಾಸ ಮಾಡುವುದು ಒಳ್ಳೆಯದು.

ಭಾರತ ಮತ್ತು ಕರ್ನಾಟಕ

ಬೆಂಗಳೂರಿನೊಡನೆ ನಂಟುಳ್ಳ ಅನು ವೈದ್ಯನಾಥನ್ ವಿದೇಶಗಳ ಟ್ರಯಥ್ಲಾನ್‌ಗಳಲ್ಲಿ ಹೆಸರು ಮಾಡಿದ ಭಾರತೀಯರಲ್ಲಿ ಪ್ರಮುಖರು. ಐರನ್‌ಮ್ಯಾನ್‌ಗಿಂತ ಹೆಚ್ಚು ದೂರದ, ಮೂರು ದಿನಗಳ ಅಲ್ಟ್ರಾಮ್ಯಾನ್ ಸ್ಪರ್ಧೆಯನ್ನು ಅವರು 2009ರಲ್ಲಿ ಕೆನಡಾದಲ್ಲಿ ಪೂರೈಸಿದರು. ತಮ್ಮ ಅನುಭವಗಳನ್ನು ‘ಎನಿವೇರ್ ಬಟ್ ಹೋಮ್’ ಎಂಬ ಇಂಗ್ಲಿಷ್ ಕೃತಿಯಲ್ಲಿ ಬರೆದಿದ್ದಾರೆ.

ಭಾರತದ ಮೊದಲ ಐರನ್‌ಮ್ಯಾನ್ 70.3 ಸ್ಪರ್ಧೆ 2019ರ ಅಕ್ಟೋಬರ್ 20ರಂದು ಗೋವೆಯಲ್ಲಿ ನಡೆಯಿತು. 2024ರ ಅಕ್ಟೋಬರಿನಲ್ಲಿ ಅದೇ ಸ್ಪರ್ಧೆಯನ್ನು ಬೆಂಗಳೂರು ದಕ್ಷಿಣದ ಲೋಕಸಭಾ ಸದಸ್ಯ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ ಪೂರೈಸಿದರು. ಎಂಟೂವರೆ ಗಂಟೆಯ ಮಿತಿಗೆ ಆಗ ಉಳಿದಿದ್ದುದು ಮೂರು ನಿಮಿಷಕ್ಕೂ ಕಡಿಮೆ.

ರಸ್ತೆಯ ಅಭ್ಯಾಸಕ್ಕೂ ತೊಡಕುಗಳಿಲ್ಲದಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣಗಳ ಮೂಲಕ ಸಾಗುವ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ ಹಾಗೂ ಮೋಟಾರುರಹಿತ ವಾಹನಗಳಿಗೆ ಪ್ರವೇಶವಿಲ್ಲ. ಸೈಕಲ್ ಸವಾರರು ಸರ್ವಿಸ್ ರಸ್ತೆಯನ್ನೋ ಹಳ್ಳಿಗಳ ದಾರಿಯನ್ನೋ ಬಳಸಬೇಕು.

ತೆರೆದ ನೀರಿನ ಅಭ್ಯಾಸ ಮತ್ತು ಬೈರಮಂಗಲ

1.9 ಕಿ.ಮೀ. ಎಂದರೆ 50 ಮೀಟರ್ ಉದ್ದದ ಈಜುಕೊಳದಲ್ಲಿ 38 ಸುತ್ತು, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ 38 ಬಾರಿ ಈಜುವುದು. ದೂರವನ್ನು ಹೀಗೆ ಕೊಳದಲ್ಲಿಯೂ ಸಾಧಿಸಬಹುದು. ಆದರೆ ತೆರೆದ ನೀರಿನಲ್ಲಿ ಹಿಡಿದು ವಿಶ್ರಮಿಸಲು ಗೋಡೆಯಿಲ್ಲ, ತಳದಲ್ಲಿ ಗೆರೆಯಿಲ್ಲ. ಆಗಾಗ ತಲೆಯೆತ್ತಿ ತೇಲುಗುರುತನ್ನು ನೋಡಿ ದಿಕ್ಕು ಹಿಡಿಯಬೇಕು. ಅಲೆಯನ್ನೂ ಅಕ್ಕಪಕ್ಕದವರ ಕೈಕಾಲುಗಳ ಹೊಡೆತವನ್ನೂ ತಾಳಬೇಕು. ಈ ಕೌಶಲಗಳು ತೆರೆದ ನೀರಿನಲ್ಲಿ ಮಾತ್ರ ಚೆನ್ನಾಗಿ ಬರುತ್ತವೆ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಕ್ಕಳು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿ, ಕೆರೆಗಳಲ್ಲಿ ಈಜು ಕಲಿಯುತ್ತಿದ್ದುದುಂಟು. ಈಗ ಬೈರಮಂಗಲದ ಕೆರೆಯಲ್ಲಿ ಅದು ಸಾಧ್ಯವಿಲ್ಲ. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆಯಲ್ಲಿರುವ ಈ ಕೆರೆಯನ್ನು ವೃಷಭಾವತಿ ನದಿಗೆ ಅಡ್ಡಲಾಗಿ 1940ರ ದಶಕದಲ್ಲಿ ನೀರಾವರಿಗಾಗಿ ನಿರ್ಮಿಸಲಾಯಿತು. ಬೆಂಗಳೂರಿನ ಬಸವನಗುಡಿಯ ಬಳಿ ಹುಟ್ಟುತ್ತದೆಂದು ನಂಬಲಾದ ಈ ನದಿ ನಗರದ ಕೊಳಚೆಯನ್ನೂ ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವನ್ನೂ ಹೊತ್ತು ಕೆರೆಗೆ ಬರುತ್ತದೆ. ಇಲ್ಲಿ ನೀರು ನೊರೆಗಟ್ಟಿ ಹರಿಯುವುದು ವರದಿಯಾಗುತ್ತಲೇ ಇದೆ. ಕೆರೆಯಿಂದ ಮುಂದೆ ಹರಿದು ಅರ್ಕಾವತಿಯನ್ನೂ, ಅದರ ಮೂಲಕ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನೂ ಈ ನೀರು ಸೇರುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ಸ್ನಾನಯೋಗ್ಯ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು. ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಂ ಮೀರಬಾರದು. ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಪ್ರಮಾಣ 100 ಮಿಲಿಲೀಟರಿಗೆ 500ರೊಳಗಿರಬೇಕು. ಈಜುವವರು ತಿಳಿದೋ ತಿಳಿಯದೆಯೋ ನೀರು ಕುಡಿಯುವುದರಿಂದ ಕೊಳಚೆ ಬೆರೆತ ನೀರು ಕರುಳಿನ ಬೇನೆಗಳಿಗೆ ಕಾರಣವಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿಯೂ ಸೀನ್ ನದಿಯ ನೀರು ಶುದ್ಧವಿಲ್ಲದ ಕಾರಣ ಜುಲೈ 30ರ ಪುರುಷರ ಟ್ರಯಥ್ಲಾನ್ ಒಂದು ದಿನ ಮುಂದಕ್ಕೆ ಹೋಯಿತು.

ಸದ್ಯಕ್ಕೆ ಒಳನಾಡಿನ ಸ್ಪರ್ಧಿಗಳು ಈಜುಕೊಳಗಳಲ್ಲಿ ಅಭ್ಯಾಸ ನಡೆಸಿ, ಮಳೆಗಾಲ ಕಳೆದ ಮೇಲೆ ಮಂಗಳೂರು, ಉಡುಪಿ ಅಥವಾ ಕಾರವಾರದ ಕಡಲಿಗೆ ಹೋಗಿ ತೆರೆದ ನೀರಿನ ಅನುಭವ ಪಡೆಯಬಹುದು. ಕಲ್ಲು ತೆಗೆದ ಗುಂಡಿಗಳಲ್ಲಿ ಅಥವಾ ಆಳ ತಿಳಿಯದ ಕೆರೆಗಳಲ್ಲಿ ಒಬ್ಬರೇ ಈಜುವುದು ಪ್ರಾಣಾಪಾಯಕರ. ಎದ್ದು ಕಾಣುವ ಬಣ್ಣದ ಟೋಪಿ, ಸೊಂಟಕ್ಕೆ ಕಟ್ಟುವ ತೇಲುಚೀಲ ಮತ್ತು ಜೊತೆಗಾರರು ಇರುವುದು ಅವಶ್ಯ. ಬೈರಮಂಗಲದಂತಹ ಕೆರೆ ಈಜಿಗೆ ಒದಗಬೇಕಾದರೆ ಮೇಲ್ಭಾಗದ ನಗರದ ಕೊಳಚೆ ಸಂಪೂರ್ಣವಾಗಿ ಸಂಸ್ಕರಣೆಗೊಂಡು ನದಿಗೆ ಸೇರಬೇಕು. ಅದೇ ನೀರಿನಿಂದ ಬೆಳೆ ಬೆಳೆಯುವ ಅಚ್ಚುಕಟ್ಟಿನ ರೈತರಿಗೂ ಬೇಕಾಗಿರುವುದು ಇದೇ.