ಹಳೆಯ ದೋಣಿಯ ಇಂಜಿನ್ ಮತ್ತು ಟ್ಯಾಪೆಟ್ ಸದ್ದು

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಕಾಡುಪ್ರಾಣಿಗಳನ್ನು ತೋರಿಸುವ ಮೋಟಾರು ದೋಣಿಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕೃಷ್ಣರಾಜನಗರದಲ್ಲಿ ಕಾವೇರಿಯ ದಡದಲ್ಲಾಗಲಿ, ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಬದಿಯಲ್ಲಾಗಲಿ, ಪಿರಿಯಾಪಟ್ಟಣದ ಹೊಲಗಳಲ್ಲಾಗಲಿ ನೀರೆತ್ತುವ ಆಯಿಲ್ ಇಂಜಿನ್ನಿನ ಸದ್ದೂ ನಮಗೆ ಹೊಸತಲ್ಲ. ಇಂತಹ ಇಂಜಿನ್ ಹಳತಾದಾಗ ಮೇಲ್ಭಾಗದಿಂದ ‘ಟಕ್ ಟಕ್’ ಎಂಬ ಸದ್ದು ಹೊರಡುವುದುಂಟು. ಮೆಕ್ಯಾನಿಕ್ಕರು ಇದನ್ನು ಟ್ಯಾಪೆಟ್ ಸದ್ದು ಎನ್ನುತ್ತಾರೆ. ಕೂಡಲೇ ಇಂಜಿನ್ ಬಿಚ್ಚಿಸಿ ದುಡ್ಡು ಕಳೆದುಕೊಳ್ಳುವುದು ಎಷ್ಟು ತಪ್ಪೋ, ಅದನ್ನು ಕೇಳಿಯೂ ಕೇಳದಂತೆ ಓಡಿಸುವುದು ಅಷ್ಟೇ ತಪ್ಪು. ರಸ್ತೆಯಲ್ಲಿ ಕೆಟ್ಟ ವಾಹನದಿಂದ ಇಳಿದು ನಡೆಯಬಹುದು. ನಡುನೀರಿನಲ್ಲಿ ಕೆಟ್ಟ ದೋಣಿಯಿಂದ ಇಳಿಯುವುದೆಲ್ಲಿಗೆ?

ಕ್ಯಾಮ್ ಶಾಫ್ಟಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ. ಅದು ಪುಶ್ ರಾಡ್ ಮತ್ತು ರಾಕರ್ ಮೂಲಕ ವಾಲ್ವನ್ನು ತೆರೆಯುತ್ತದೆ. ಈ ಸರಪಳಿಯಲ್ಲಿ ಎಲ್ಲಾದರೂ ಸಡಿಲು ಹೆಚ್ಚಾದರೆ ಲೋಹಕ್ಕೆ ಲೋಹ ತಾಗಿ ಸದ್ದಾಗುತ್ತದೆ. ಟ್ಯಾಪೆಟ್ಟುಗಳಲ್ಲಿ ಎರಡು ಬಗೆ. ಹಳೆಯ ಆಯಿಲ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿರುವುದು ಗಟ್ಟಿ ಟ್ಯಾಪೆಟ್; ಅದಕ್ಕೆ ಗೊತ್ತುಪಡಿಸಿದ ಸಂದು ಇರಲೇಬೇಕು. ಕಾರಿನ ಇಂಜಿನ್ನನ್ನು ಆಧರಿಸಿದ ಅನೇಕ ದೋಣಿ ಇಂಜಿನ್ನುಗಳಲ್ಲಿರುವುದು ಹೈಡ್ರಾಲಿಕ್ ಟ್ಯಾಪೆಟ್. ಅದು ಆಯಿಲ್ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುತ್ತದೆ.

ಮೊದಲು ಸದ್ದನ್ನು ಗುರುತಿಸಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಒಂದೇ ಸುತ್ತು ತಿರುಗುವುದರಿಂದ ಟ್ಯಾಪೆಟ್ ಸದ್ದು ಇಂಜಿನ್ ವೇಗದ ಅರ್ಧ ಲಯದಲ್ಲಿ, ಹಗುರವಾಗಿ ಕೇಳುತ್ತದೆ. ಕೆಳಗಿನಿಂದ ‘ದಡ್ ದಡ್’ ಎಂಬ ಭಾರವಾದ ಸದ್ದು ಬಂದು ಭಾರ ಬಿದ್ದಾಗ ಹೆಚ್ಚಾದರೆ ಅದು ಬೇರಿಂಗ್ ಸವೆದ ಲಕ್ಷಣವಿರಬಹುದು. ಇಂಜಿನ್ನನ್ನು ತಕ್ಷಣ ನಿಲ್ಲಿಸಬೇಕು. ಸೈಲೆನ್ಸರ್ ಕಡೆಯ ಗ್ಯಾಸ್ಕೆಟ್ ಸೋರಿದರೂ ಟ್ಯಾಪೆಟ್ಟಿನಂತೆಯೇ ಸದ್ದಾಗುತ್ತದೆ. ಆ ಹೊಗೆ ವಿಷಕಾರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ರಾಕರ್ ಕವರಿನ ಮೇಲೆ ಒಂದೊಂದು ಕಡೆ ಇಟ್ಟು, ಹಿಡಿಗೆ ಕಿವಿಗೊಟ್ಟರೆ ಯಾವ ವಾಲ್ವಿನ ಸದ್ದೆಂದು ತಿಳಿಯುತ್ತದೆ. ಹೀಗೆ ಮಾಡುವಾಗ ಬೆಲ್ಟಿನಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಡಬೇಕು.

ಅನಂತರ ನೋಡಬೇಕಾದದ್ದು ಆಯಿಲ್. ಅದು ಕಡಿಮೆಯಾದರೆ ಪಂಪು ಗಾಳಿಯನ್ನು ಎಳೆಯುತ್ತದೆ. ಮಿತಿಮೀರಿ ತುಂಬಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ಎರಡರಿಂದಲೂ ಹೈಡ್ರಾಲಿಕ್ ಟ್ಯಾಪೆಟ್ಟಿನೊಳಗೆ ಗಾಳಿ ಸೇರಿ ಸದ್ದು ಬರುತ್ತದೆ. ಆಯಿಲ್ ಹಾಲಿನಂತೆ ಬಿಳಿಚಿದ್ದರೆ ಅದಕ್ಕೆ ನೀರು ಸೇರಿದೆಯೆಂದು ತಿಳಿದು, ಕಾರಣ ಕಂಡುಹಿಡಿಯುವವರೆಗೆ ಇಂಜಿನ್ ಓಡಿಸಬಾರದು. ಬೆಳಿಗ್ಗೆ ಚಾಲೂ ಮಾಡಿದಾಗ ಕೆಲವು ಕ್ಷಣ ಸದ್ದಾಗಿ ನಿಂತುಹೋದರೆ ಹೆದರಬೇಕಾಗಿಲ್ಲ. ಇಂಜಿನ್ ಬಿಸಿಯಾದ ಮೇಲೂ ಮುಂದುವರಿದರೆ ಒತ್ತಡವನ್ನು ಗೇಜಿನಿಂದ ಅಳೆಯಬೇಕು. ಒತ್ತಡ ಸರಿಯಿದ್ದರೆ ತಯಾರಕರು ಹೇಳಿದ ದರ್ಜೆಯ ಆಯಿಲನ್ನೂ ಹೊಸ ಫಿಲ್ಟರನ್ನೂ ಹಾಕಿ ನೋಡಬೇಕು. ಟ್ಯಾಪೆಟ್ಟಿನೊಳಗೆ ಕಲ್ಮಶ ಕಟ್ಟಿದ್ದರೆ ಇಷ್ಟರಿಂದಲೇ ಅನೇಕ ವೇಳೆ ಸದ್ದು ಅಡಗುತ್ತದೆ. ಸದ್ದು ಮುಚ್ಚಲೆಂದು ದಪ್ಪ ಆಯಿಲ್ ಸುರಿಯುವುದು ರೋಗವನ್ನು ಮರೆಮಾಡಿದಂತೆಯೇ ಹೊರತು ಚಿಕಿತ್ಸೆಯಲ್ಲ.

ಆಗಲೂ ನಿಲ್ಲದಿದ್ದರೆ ರಾಕರ್ ಕವರ್ ತೆಗೆಯಬೇಕು. ಪುಶ್ ರಾಡ್ ಬಾಗಿದೆಯೇ, ರಾಕರ್ ಸವೆದಿದೆಯೇ ಎಂದು ಪರೀಕ್ಷಿಸಬೇಕು. ಗಟ್ಟಿ ಟ್ಯಾಪೆಟ್ಟಾದರೆ ಎರಡೂ ವಾಲ್ವು ಮುಚ್ಚಿರುವ ಸ್ಥಿತಿಗೆ ಇಂಜಿನ್ನನ್ನು ತಿರುಗಿಸಿ, ಫೀಲರ್ ಗೇಜಿನಿಂದ ಕೈಪಿಡಿಯಲ್ಲಿರುವ ಅಳತೆಗೆ ಸಂದನ್ನು ಹೊಂದಿಸಬೇಕು. ಸದ್ದೇ ಬೇಡವೆಂದು ತೀರಾ ಬಿಗಿ ಮಾಡಿದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ಟುಗಳನ್ನು ಹೊರತೆಗೆದರೆ ಪ್ರತಿಯೊಂದನ್ನೂ ಅದರ ಹಳೆಯ ಜಾಗಕ್ಕೇ ಹಾಕಬೇಕು. ಸಪಾಟು ತಳದ ಟ್ಯಾಪೆಟ್ಟಿನ ತಳ ಗುಳಿಬಿದ್ದು ಕ್ಯಾಮಿನ ಉಬ್ಬೂ ಸವೆದಿದ್ದರೆ ಎರಡನ್ನೂ ಬದಲಿಸಬೇಕು. ಸವೆದ ಕ್ಯಾಮಿನ ಮೇಲೆ ಹೊಸ ಟ್ಯಾಪೆಟ್ ಬಹಳ ದಿನ ಬಾಳದು.

ದೋಣಿಯವರಿಗೆ ಇನ್ನೆರಡು ಎಚ್ಚರಿಕೆಯ ಮಾತು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ನಿಲ್ಲುತ್ತದೆ. ಅದನ್ನು ಹೊರಹಾಕದೆ ಚಾಲೂ ಮಾಡಿದರೆ ಒಂದು ಕಿಡಿ ಸಾಕು. ಹೊರಗಿನ ನೀರನ್ನು ಎಳೆದು ತಂಪಾಗುವ ಇಂಜಿನ್ನನ್ನು ದಡದ ಮೇಲೆ ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ಚಕ್ರ ಬೇಗನೆ ಹಾಳಾಗುತ್ತದೆ.

ದೋಣಿ ಹತ್ತುವವರು ಇಂಜಿನ್ನಿನ ಒಳಗನ್ನು ಕಾಣರು. ಅದನ್ನು ನಡೆಸುವವನ ಮೇಲೆ ಭರವಸೆಯಿಟ್ಟು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಆ ಭರವಸೆಯನ್ನು ಉಳಿಸಿಕೊಳ್ಳಲು ಡಿಪ್ ಸ್ಟಿಕ್ ಎಳೆದು ನೋಡುವ ಎರಡು ನಿಮಿಷ ದೊಡ್ಡ ಬೆಲೆಯೇನಲ್ಲ.