ಜನಸಾಗರಕ್ಕೆ ಅಳತೆಗೋಲು

ಜನಸಂದಣಿಯಲ್ಲಿ ಸಂಭವಿಸುವ ದುರಂತಕ್ಕೆ ನಮ್ಮ ನುಡಿಯಲ್ಲಿ ರೂಢವಾಗಿರುವ ಹೆಸರುಗಳು ಎರಡು: ನೂಕುನುಗ್ಗಲು, ಕಾಲ್ತುಳಿತ. ಎರಡೂ ಸೊಗಸಾದ ಕನ್ನಡದ ಮಾತುಗಳೇ. ಆದರೆ ಎರಡರ ಒಳಗೂ ಒಂದು ತೀರ್ಪು ಅಡಗಿ ಕುಳಿತಿದೆ. ನೂಕಿದವರಾರು? ಜನ. ತುಳಿದವರಾರು? ಜನ. ಸತ್ತವರೂ ಜನವೇ ಆದುದರಿಂದ ವ್ಯಾಜ್ಯ ಅಲ್ಲಿಗೇ ಮುಗಿದಂತಾಯಿತು! ಬಾಗಿಲಿನ ಅಗಲವೆಷ್ಟಿತ್ತು, ಅದನ್ನು ತೆರೆಯುವ ಅಧಿಕಾರ ಯಾರದಾಗಿತ್ತು ಎಂಬ ಪ್ರಶ್ನೆಗಳಿಗೆ ಈ ಹೆಸರುಗಳು ಎಡೆಗೊಡುವುದಿಲ್ಲ.

ವಾಸ್ತವ ಸಂಗತಿ ಬೇರೆ. ಇಂತಹ ದುರಂತಗಳಲ್ಲಿ ಬಹುಮಂದಿ ಸಾಯುವುದು ಪಾದಗಳ ಕೆಳಗೆ ಬಿದ್ದಲ್ಲ; ಉಸಿರುಕಟ್ಟಿ, ಅನೇಕ ವೇಳೆ ನಿಂತ ನಿಲುವಿನಲ್ಲೇ. ಉಸಿರೆಳೆಯಬೇಕಾದರೆ ಎದೆ ಹಿಗ್ಗಬೇಕು. ಹಿಗ್ಗುವುದಕ್ಕೆ ಸುತ್ತ ಅಷ್ಟಿಷ್ಟು ಎಡೆ ಬೇಕು. ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರಿದ್ದಾಗ ಮನುಷ್ಯ ತನ್ನ ಇಚ್ಛೆಯಂತೆ ನಡೆಯಬಲ್ಲ. ಆರೇಳು ಮಂದಿಯಾದರೆ ಮೈ ಅವನ ಅಧೀನದಲ್ಲಿ ಉಳಿಯುವುದಿಲ್ಲ. ಗುಂಪು ಆಗ ದ್ರವದಂತೆ ವರ್ತಿಸುತ್ತದೆ. ಎಲ್ಲೋ ಎದ್ದ ಅಲೆ ಎಲ್ಲಿಯವರನ್ನೋ ನೆಲದಿಂದ ಎತ್ತಿ ಸರಿಸಿಬಿಡುತ್ತದೆ. ಅಲ್ಲಿ ಸಭ್ಯತೆಯಾಗಲಿ ಧೈರ್ಯವಾಗಲಿ ಕೆಲಸಕ್ಕೆ ಬಾರದು. ಇದನ್ನು ಅಭ್ಯಸಿಸಿದ ಅಮೆರಿಕದ ಇಂಜಿನಿಯರ್ ಜಾನ್ ಫ್ರೂಯಿನ್, ದುರಂತದ ಬೇರುಗಳನ್ನು ನಾಲ್ಕು ಮಾತುಗಳಲ್ಲಿ ಹಿಡಿದಿಟ್ಟರು: ಒತ್ತಡ, ಸುದ್ದಿ, ಸ್ಥಳ, ಕಾಲ.

ಇವುಗಳಲ್ಲಿ ಸುದ್ದಿಯ ಮಹತ್ವ ನಮ್ಮ ತೇರುಗಳನ್ನು ಕಂಡವರಿಗೆ ಬೇಗ ಹೊಳೆದೀತು. ಮಿಣಿ ಹಿಡಿದು ಎಳೆಯುವ ನೂರಾರು ಮಂದಿಗೆ ಗಾಲಿ ಕಾಣುವುದಿಲ್ಲ; ಅವರ ಬೆನ್ನು ತೇರಿನ ಕಡೆಗೆ. ಅದನ್ನು ಕಾಣುವವನು ಗಾಲಿಯ ಮಗ್ಗುಲಲ್ಲಿ ಮರದ ತಡೆ ಹಿಡಿದು ನಡೆಯುವವನೊಬ್ಬನೇ. ತೇರನ್ನು ನಿಲ್ಲಿಸಲು ಅವನು ಯಾರ ಅಪ್ಪಣೆಗೂ ಕಾಯುವುದಿಲ್ಲ. ಗುಂಪಿನಲ್ಲಿಯೂ ಹೀಗೆಯೇ: ಮುಂದಿನವನ ಪ್ರಾಣ ಹೋಗುತ್ತಿದ್ದರೂ ಹಿಂದಿನವನಿಗೆ ಅರಿವಿಲ್ಲ, ಬಾಗಿಲು ತೆರೆಯಿತೆಂದೇ ಅವನು ಹಿಗ್ಗುತ್ತಾನೆ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಆದದ್ದು ಇದೇ. ಹೊರಗಿನ ಒತ್ತಡ ಮಿತಿಮೀರಿತೆಂದು ಪೊಲೀಸರು ಒಂದು ದೊಡ್ಡ ಗೇಟನ್ನು ತೆರೆಸಿದರು. ಒಳಗೆ ಎದುರಿಗೇ ಬಾಯ್ದೆರೆದಿದ್ದ ಸುರಂಗದ ದಾರಿಯನ್ನು ಮಾತ್ರ ಮುಚ್ಚಿಸಲಿಲ್ಲ. ಬಂದವರೆಲ್ಲ ಅದರ ಮೂಲಕ, ಆಗಲೇ ತುಂಬಿದ್ದ ನಡುವಣ ಕಟಕಟೆಗಳಿಗೆ ಹರಿದರು; ಪಕ್ಕದ ಕಟಕಟೆಗಳಲ್ಲಿ ಬೇಕಾದಷ್ಟು ಸ್ಥಳವಿತ್ತು. ಸತ್ತವರು ಒಟ್ಟು 97. ಕೊನೆಯವರು ಕಣ್ಮುಚ್ಚಿದ್ದು 2021ರಲ್ಲಿ. ದೋಷವನ್ನೆಲ್ಲ ಮೊದಲು ಪ್ರೇಕ್ಷಕರ ತಲೆಗೆ ಕಟ್ಟಲಾಗಿತ್ತು. ಅದು ಅವರದಲ್ಲವೆಂದು ಪಂಚರು ತೀರ್ಪಿತ್ತದ್ದು 2016ರಲ್ಲಿ, ಇಪ್ಪತ್ತೇಳು ವರ್ಷಗಳ ತರುವಾಯ.

ಶಾಸ್ತ್ರವಿರಲಿಲ್ಲವೆಂದಲ್ಲ. 1971ರಲ್ಲಿ ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ 66 ಮಂದಿ ಅಸುನೀಗಿದ ಮೇಲೆ, 1973ರಲ್ಲಿ ಆ ದೇಶ ಒಂದು ಮಾರ್ಗದರ್ಶಿಯನ್ನು ಹೊರತಂದಿತು; ಅದನ್ನು ಹಸಿರು ಪುಸ್ತಕವೆಂದು ಕರೆಯಬಹುದು. ಅದರ ಇಂದಿನ ಸೂತ್ರ ನಮ್ಮ ಪ್ರತಿಯೊಂದು ಮೈದಾನದ ಕಚೇರಿಯಲ್ಲೂ ತೂಗುಹಾಕತಕ್ಕದ್ದು. ಎಷ್ಟು ಜನ ಸಕಾಲದಲ್ಲಿ ಒಳಬರಬಲ್ಲರು, ಎಷ್ಟು ಜನ ಕೂರಬಲ್ಲರು, ಎಷ್ಟು ಜನ ಹೊರಹೋಗಬಲ್ಲರು, ಬೆಂಕಿ ಬಿದ್ದರೆ ಎಷ್ಟು ಜನ ಪಾರಾಗಬಲ್ಲರು ಎಂದು ನಾಲ್ಕು ಲೆಕ್ಕ ಹಾಕಬೇಕು. ನಾಲ್ಕರಲ್ಲಿ ಅತ್ಯಂತ ಚಿಕ್ಕ ಸಂಖ್ಯೆಯೇ ಆ ಸ್ಥಳದ ಧಾರಣಶಕ್ತಿ. ನಾವಾದರೋ ಕುರ್ಚಿಗಳನ್ನು ಮಾತ್ರ ಎಣಿಸುತ್ತೇವೆ.

ನಮ್ಮಲ್ಲಿಯೂ ಪುಸ್ತಕಕ್ಕೆ ಕೊರತೆಯಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲಿಯೇ ಜನಸಂದಣಿಯನ್ನು ಕುರಿತ ಕೈಪಿಡಿಯೊಂದನ್ನು ಪ್ರಕಟಿಸಿತು. ಆದರೂ ಪ್ರಯಾಗದಲ್ಲಿ 1954ರ ಫೆಬ್ರವರಿ 3ರ ಮೌನಿ ಅಮಾವಾಸ್ಯೆಯಂದು ನೂರಾರು ಯಾತ್ರಿಕರು ಸತ್ತರು. 2025ರ ಜನವರಿ 29ರಂದು, ಅದೇ ಅಮಾವಾಸ್ಯೆಯ ನಸುಕಿನಲ್ಲಿ ಮತ್ತೆ ಸತ್ತರು. ಸರ್ಕಾರ ಮೊದಲು ಕೊಟ್ಟ ಲೆಕ್ಕವೇ 30. ಅಮಾವಾಸ್ಯೆ ಹೇಳದೆ ಕೇಳದೆ ಬರುವ ಅತಿಥಿಯಲ್ಲ. ಪಂಚಾಂಗದಲ್ಲಿ ಅದರ ದಿನ ಮೊದಲೇ ಅಚ್ಚಾಗಿರುತ್ತದೆ.

ಬೆಂಗಳೂರಿನದು ಬೇರೊಂದು ಬಗೆ. ಅಲ್ಲಿ ಕೊರತೆಯಾದದ್ದು ಕಾಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಕ್ರಿಕೆಟ್ ಪಂದ್ಯ ಗೆದ್ದಾಯಿತು. ಮರುದಿನವೇ ಇಲ್ಲಿ ವಿಜಯೋತ್ಸವ. ಸುಮಾರು 35,000 ಮಂದಿ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ನೆರೆದರು. ಗೇಟುಗಳ ಬಳಿ ಹನ್ನೊಂದು ಮಂದಿ ಪ್ರಾಣಬಿಟ್ಟರು, ಬಹುತೇಕ ಎಳೆಯರು. ತಿಂಗಳ ಸಿದ್ಧತೆ ಬೇಡುವ ಕಾರ್ಯವನ್ನು ಒಂದು ಹಗಲಿನಲ್ಲಿ ಮುಗಿಸಹೊರಟಾಗ, ಬೇಡವೆನ್ನುವ ಒಬ್ಬ ಮನುಷ್ಯ ಬೇಕಾಗಿತ್ತು.

ಆ ಮನುಷ್ಯನೇ ಎಲ್ಲೆಡೆಯೂ ದುರ್ಲಭ. ಬೇಲಿ, ಆಂಬುಲೆನ್ಸಿಗೆ ತೆರವಾದ ದಾರಿ, ಕುಡಿಯುವ ನೀರು, ಧ್ವನಿವರ್ಧಕ, ಕಳೆದುಹೋದ ಮಕ್ಕಳಿಗೊಂದು ಡೇರೆ (ಮಗುವನ್ನರಸುವ ತಾಯಿ ಪ್ರವಾಹಕ್ಕೆ ಎದುರಾಗಿ ನಡೆಯುತ್ತಾಳೆಂಬುದನ್ನು ಮರೆಯಬಾರದು) ಇವನ್ನೆಲ್ಲ ಹಣದಿಂದ ಒದಗಿಸಬಹುದು. ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ ಹಣಕ್ಕಾಗಲಿ ಯಂತ್ರಗಳಿಗಾಗಲಿ ಬರವಿರಲಿಲ್ಲ. 2022ರ ಅಕ್ಟೋಬರ್ 29ರ ಸಂಜೆ ಅಲ್ಲಿಯ ಇಟೆವಾನ್ ಬಡಾವಣೆಯ ಇಳಿಜಾರು ಓಣಿಯೊಂದರಲ್ಲಿ, ಮೂರು ಮೀಟರಿಗಿಂತ ತುಸು ಹೆಚ್ಚು ಅಗಲದ ಜಾಗದಲ್ಲಿ, ಹಬ್ಬದ ಜನ ಒತ್ತಿಕೊಳ್ಳುತ್ತಿದ್ದರು. 6 ಗಂಟೆ 34 ನಿಮಿಷಕ್ಕೇ ಯಾರೋ ಒಬ್ಬರು ಪೊಲೀಸರಿಗೆ ದೂರವಾಣಿಯಲ್ಲಿ ಅಪಾಯವನ್ನು ತಿಳಿಸಿದರು. ಅದರ ಹಿಂದೆ ಹತ್ತು ಕರೆಗಳು ಬಂದವು. ಓಣಿಯ ಬಾಯನ್ನು ಯಾರೂ ಮುಚ್ಚಲಿಲ್ಲ. 10 ಗಂಟೆ ದಾಟಿದ ಮೇಲೆ ಗುಂಪು ಕುಸಿಯಿತು. 159 ಮಂದಿ ಸತ್ತರು.