ಕೆರೆಯ ಮೀನು ಹೊಳೆಯ ನೆರೆಗಾಗಿ ಏಕೆ ಕಾಯುತ್ತದೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತುಮಕೂರು ಜಿಲ್ಲೆಯ ಒಣಸೀಮೆಯ ತಾಲ್ಲೂಕುಗಳು. ಇಲ್ಲಿನ ಕೆರೆಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿವೆ. ಇವುಗಳಿಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟರೆ ಅವು ಸೊಗಸಾಗಿ ಬೆಳೆಯುತ್ತವೆ. ನೀರು ಬತ್ತದೆ ಉಳಿದರೆ ಹೆಣ್ಣುಮೀನಿನ ಒಡಲಲ್ಲಿ ಮೊಟ್ಟೆಗಳೂ ತುಂಬುತ್ತವೆ. ಆದರೆ ಸಾಮಾನ್ಯವಾಗಿ ಅವು ಕೆರೆಯಲ್ಲಿ ಮೊಟ್ಟೆಯಿಡುವುದಿಲ್ಲ. ಆದುದರಿಂದ ಮೀನು ಸಾಕುವವರು ಮತ್ತೆ ಮತ್ತೆ ಹಣ ತೆತ್ತು ಮರಿಗಳನ್ನು ತರಬೇಕಾಗುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ನೋಡೋಣ.

ಮೀನಿನ ಮೈಯ ಶಾಖವು ಸುತ್ತಲಿನ ನೀರಿನ ಶಾಖವನ್ನು ಅನುಸರಿಸುತ್ತದೆ. ಬೇಸಿಗೆಯಲ್ಲಿ ಹಗಲು ದೀರ್ಘವಾಗಿ ನೀರು ಬೆಚ್ಚಗಾದಂತೆ, ಮಿದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಹಾರ್ಮೋನುಗಳಿಂದ ಮೊಟ್ಟೆಗಳು ಬಲಿಯುತ್ತವೆ. ಒಂದು ಕಿಲೋಗ್ರಾಂ ತೂಕದ ರೋಹುವಿನಲ್ಲಿ ಸುಮಾರು 2 ಲಕ್ಷ ಮೊಟ್ಟೆಗಳಿರಬಹುದು. ಆದರೆ ಬಲಿತ ಮೊಟ್ಟೆ ಹೊರಬರಲು ಇನ್ನೊಂದು ಸೂಚನೆ ಬೇಕು. ಅದೇ ಹೊಳೆಯ ನೆರೆ: ಹರಿಯುವ ಹೊಸನೀರು, ತುಸು ತಂಪು, ನೀರಿನಲ್ಲಿ ಮುಳುಗಿದ ದಡದ ಹುಲ್ಲು.

ಈ ಮೀನುಗಳ ಮೂಲನೆಲೆ ಉತ್ತರದ ದೊಡ್ಡ ನದಿಗಳು. ಇವುಗಳ ಮೊಟ್ಟೆಗೆ ಅಂಟಿಲ್ಲ. ನೀರು ಹೀರಿ ಉಬ್ಬಿ ಪ್ರವಾಹದೊಡನೆ ಉರುಳುತ್ತ ಹೋಗುತ್ತದೆ. 28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಂದು ದಿನದೊಳಗೆ ಮರಿ ಹೊರಬರುತ್ತದೆ. ನಿಂತ ನೀರಿನಲ್ಲಾದರೆ ಆ ಮೊಟ್ಟೆ ಕೆಸರಿಗಿಳಿದು ಉಸಿರುಕಟ್ಟಿ ಸಾಯುತ್ತದೆ. ಭೌತಶಾಸ್ತ್ರದ ನಿಯಮವೊಂದು ಇಲ್ಲಿ ನೆನಪಿಗೆ ಬರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು ಏಳೂವರೆ ಮಾತ್ರ.

ಎಲ್ಲ ಮೀನುಗಳೂ ಹೀಗಲ್ಲ. ಸಾಮಾನ್ಯ ಗೆಂಡೆಯ ಅಂಟುಮೊಟ್ಟೆಗಳು ನೀರುಗಿಡಗಳಿಗೆ ಹತ್ತಿಕೊಳ್ಳುತ್ತವೆ. ಕೊರವ ಮೀನಿನ ಮೊಟ್ಟೆ ಎಣ್ಣೆಯ ಹನಿಯಿಂದಾಗಿ ತೇಲುತ್ತದೆ, ತಂದೆತಾಯಿ ಕಾವಲಿರುತ್ತವೆ. ಜಿಲೇಬಿ ಮೀನು ಮೊಟ್ಟೆಗಳನ್ನು ಬಾಯಲ್ಲಿಯೇ ಇಟ್ಟು ಮರಿಮಾಡುತ್ತದೆ. ಆದುದರಿಂದಲೇ ಈ ಮೂರೂ ಕೆರೆಯಲ್ಲಿ ತಾವಾಗಿಯೇ ಹೆಚ್ಚುತ್ತವೆ.

ಹಾಗಾದರೆ ಹೊಳೆಯ ಸೂಚನೆಯನ್ನು ಮನುಷ್ಯನು ಕೊಡಬಲ್ಲನೇ? ಕೊಡಬಲ್ಲನೆಂದು 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ಹೀರಾಲಾಲ್ ಚೌಧುರಿಯವರು ತೋರಿಸಿದರು. ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಗೆಂಡೆಜಾತಿಯ ಮೀನು ಮೊಟ್ಟೆಯಿಡುವಂತೆ ಮಾಡಿದರು. ಇಂದು ಮರಿ ಉತ್ಪಾದನಾ ಕೇಂದ್ರಗಳಲ್ಲಿ ಹಾರ್ಮೋನಿನ ಚುಚ್ಚುಮದ್ದು ನೆರೆಯ ಸೂಚನೆಗೆ ಬದಲಾಗಿ ನಿಂತಿದೆ. ವೃತ್ತಾಕಾರದ ತೊಟ್ಟಿಯಲ್ಲಿ ಸುತ್ತುವ ನೀರು ಹೊಳೆಯ ಹರಿವಿಗೆ ಬದಲಾಗಿದೆ.

ಆದರೆ ನಮ್ಮ ಹಳ್ಳಗಳ ಸಣ್ಣಪುಟ್ಟ ನಾಡಮೀನುಗಳಿಗೆ ಚುಚ್ಚುಮದ್ದು ಕೊಡುವವರಿಲ್ಲ. ಕೆರೆ ಕೋಡಿ ಬಿದ್ದಾಗ ಅವುಗಳಲ್ಲಿ ಹಲವು ಹೊಸನೀರಿಗೆದುರಾಗಿ ಏರುವುದು ಮೊಟ್ಟೆಯಿಡುವುದಕ್ಕಾಗಿಯೇ. ಬಲೆಯೊಡ್ಡಿ ಹಿಡಿಯುವುದಕ್ಕೂ ಅದೇ ಸುಲಭದ ಸಮಯ! ಮಳೆ ತಪ್ಪಿದ ವರ್ಷ ಬಲಿತ ಮೊಟ್ಟೆ ಮೀನಿನ ಮೈಯಲ್ಲಿಯೇ ಕರಗಿಹೋಗುತ್ತದೆ. ಮಳೆ ಬಂದ ವರ್ಷವೂ ಏರುವ ಮೀನನ್ನೆಲ್ಲ ಬಲೆಗೆ ಹಾಕಿದರೆ ಮುಂದಿನ ಪೀಳಿಗೆಗೆ ಉಳಿಯುವುದೇನು? ಕೋಡಿ ಬಿದ್ದ ಮೊದಲ ಕೆಲವು ದಿನ ಬಲೆಯನ್ನು ದೂರವಿಡುವುದು ಲೇಸು. ವಿದ್ಯಾರ್ಥಿಗಳು ಆ ದಿನಗಳಲ್ಲಿ ಉಷ್ಣತಾಮಾಪಕವೊಂದನ್ನು ಹಿಡಿದು, ಹಿರಿಯರ ಜೊತೆಯಲ್ಲಿ ದಡದ ಸುರಕ್ಷಿತ ಸ್ಥಳದಿಂದ, ಕೆರೆಯ ಹಳೆಯ ನೀರಿನ ಮತ್ತು ಹಳ್ಳದ ಹೊಸನೀರಿನ ಶಾಖಗಳನ್ನು ಅಳೆದು ಬರೆದಿಡಲಿ. ಆ ಎರಡು ಅಂಕಿಗಳ ಅಂತರವನ್ನು ಮೀನು ತನ್ನ ಮೈಯಿಂದಲೇ ಅರಿಯುತ್ತದೆ.